ದ್ರೌಪದಿಯ ಹೆಸರಿನ ಮುಂದೆ ಬರೆದದ್ದು

ಆಳಂದ
19 ಜನವರಿ 1992

ದ್ರೌಪದಿ,

ಕ್ಷೇಮ ಕೇಳಿ ಕಾಗದ ಶುರು ಮಾಡುವ ಹಕ್ಕು ನನಗಿಲ್ಲ. ಹೋದ ಸೋಮವಾರ ಅಫಜಲಪುರದ ಬಸ್ ನಿಲ್ದಾಣದಲ್ಲಿ ಗಂಟು ಹೊತ್ತು ನಿಂತವಳು ನೀನೇ ಎಂದು ನನಗೆ ತಕ್ಷಣ ತಿಳಿಯಲಿಲ್ಲ. ನೀನು ಮಾತ್ರ ಕೂಡಲೇ ಗುರುತು ಹಿಡಿದು, 'ಆರಾಮ ಅದೀರೇನ್ರಿ ಬಾಯಾರ?' ಎಂದು ಕೇಳಿದೆ. ಆ ಮರ್ಯಾದೆ ಅಂದಿನಿಂದ ನನ್ನನ್ನು ಸುಡುತ್ತಿದೆ.

ನಾಲ್ಕು ವರ್ಷದ ಹಿಂದೆ ಮಣ್ಣೂರಿನ ಅಂಗನವಾಡಿ ಕೆಲಸಕ್ಕೆ ನಿನ್ನನ್ನು ತಯಾರು ಮಾಡಲು ನಾನು ನಂಜನಗೂಡಿನಿಂದ ಮೇಲ್ವಿಚಾರಕಿಯಾಗಿ ಬಂದೆ. ಕನ್ನಡ ನನಗೆ ಬರುತ್ತದಲ್ಲ, ಇಲ್ಲಿ ಕಲಿಯುವುದು ಏನಿದೆ ಎಂದುಕೊಂಡಿದ್ದೆ. ತಾಯಂದಿರ ಸಭೆಯಲ್ಲಿ, ಮಕ್ಕಳಿಗೆ ದಿನಾ ಸೊಪ್ಪು ತಿನ್ನಿಸಿ ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡು ನಕ್ಕರು. ಅವರ ಕಿವಿಗೆ ಅದು ಸೊಪ್ಪಿ, ದನಕ್ಕೆ ಹಾಕುವ ಜೋಳದ ದಂಟು. ಮುದುಕಿ ಸಾಬವ್ವ, 'ನಮ್ಮ ಕೂಸುಗಳು ಎತ್ತೇನ್ರಿ?' ಎಂದಳು. ನಾನು ದನಿ ಏರಿಸಿ ಅದನ್ನೇ ಮತ್ತೆ ಹೇಳಿದೆ.

ಆಗ ನೀನು ಎದ್ದು ಬಂದು ನನ್ನ ಕೈ ಹಿಡಿದೆ. 'ನೀ ಕುಂದ್ರ ಬೇ ಅಕ್ಕಾ, ನಾ ತಿಳಿಸಿ ಹೇಳ್ತೇನಿ' ಎಂದೆ. ತಪ್ಪಲ ಪಲ್ಲೆ ಎಂದು ನೀನು ಹೇಳಿದ್ದೇ ತಡ, ಮೆಂತ್ಯ, ರಾಜಗಿರಿ, ಪುಂಡಿ ಎಂದು ಅವರೇ ಹೆಸರು ಹೇಳತೊಡಗಿದರು. ನನಗೆ ಕೇಳಿಸಿದ್ದು 'ನೀ' ಮತ್ತು 'ಬೇ' ಅಷ್ಟೇ, ಎರಡೂ ಬೈದಂತೆ.

ಆ ವಾರವೇ ವರದಿಯಲ್ಲಿ ನಿನ್ನ ಹೆಸರಿನ ಮುಂದೆ ಬರೆದೆ: 'ಮೇಲಿನವರೊಡನೆ ಅಸಭ್ಯ ಮಾತು. ಕೆಲಸಕ್ಕೆ ಯೋಗ್ಯಳಲ್ಲ.' ಪಟ್ಟಿಯಿಂದ ನಿನ್ನ ಹೆಸರು ಹೋಯಿತು. ಮೇಲಿನವರ ತೀರ್ಮಾನ ಎಂದು ನಿನಗೆ ಸುಳ್ಳು ಹೇಳಿದೆ. ಗಂಡನಿಲ್ಲದ ನೀನು ಮಗಳನ್ನು ಕಟ್ಟಿಕೊಂಡು ಕಳೆ ತೆಗೆಯಲು ಹೋಗುತ್ತೀ ಎಂದು ಕೇಳಿಯೂ ಸುಮ್ಮನಿದ್ದೆ.

ಆಮೇಲೆ ಆಳಂದಕ್ಕೆ ವರ್ಗವಾಯಿತು. ಮನೆಯೊಡತಿ ಮಾಣಿಕಮ್ಮ ಎರಡು ವರ್ಷ 'ಬಾಯಾರ' ಎನ್ನುತ್ತ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದಳು. ಹೋದ ಮಳೆಗಾಲ ನನಗೆ ಜ್ವರ ಬಂದಾಗ ಒಳಗೆ ಬಂದು, ನುಚ್ಚು ಕಲಸಿ ಬಾಯಿಗಿಟ್ಟು, 'ಉಣ್ಣ ಬೇ' ಎಂದಳು. ತಮ್ಮವಳು ಅನ್ನಿಸಿದ ಮೇಲಷ್ಟೇ ಇಲ್ಲಿ ಹಾಗೆ ಕರೆಯುತ್ತಾರೆ ಎಂದು ಆಗ ಕಲಿತೆ. ನೀನು ಅದನ್ನು ಮೊದಲ ತಿಂಗಳಲ್ಲೇ ಕೊಟ್ಟಿದ್ದೆ.

ಈಗ ದಕ್ಷಿಣದ ಜಿಲ್ಲೆಗಳಿಂದ ಬರುವ ಮೇಲ್ವಿಚಾರಕಿಯರಿಗೆ ನಾನೇ ಪಾಠ ಹೇಳುತ್ತೇನೆ. ಕಲಿಸುವ ಮೊದಲು ಒಂದು ತಿಂಗಳು ಸುಮ್ಮನೆ ಕೂತು ಕೇಳಿಸಿಕೊಳ್ಳಿ ಎನ್ನುತ್ತೇನೆ. ನಿನ್ನ ಕಥೆಯನ್ನೂ ಹೇಳುತ್ತೇನೆ, ತಪ್ಪು ಮಾಡಿದವಳು ಬೇರೆ ಯಾರೋ ಎಂಬಂತೆ.

ಘತ್ತರಗಿಯಲ್ಲಿ ಒಂದು ಜಾಗ ಖಾಲಿ ಇದೆ. ಅರ್ಜಿ ಇದರೊಳಗಿದೆ. ನನ್ನ ವರದಿ ತಪ್ಪೆಂದು ಕಚೇರಿಗೂ ಬರೆದಿದ್ದೇನೆ. ನೀನು ಅರ್ಜಿ ಹರಿದು ಹಾಕಿದರೂ ನನಗೆ ಬೇಸರವಿಲ್ಲ.

ನಿನ್ನ ಕ್ಷಮೆ ಕೇಳಲು ಮುಖವಿಲ್ಲದ,
ಪಂಕಜಾಕ್ಷಿ

ಇನ್ನೊಂದು ಮಾತು: ಮಾಣಿಕಮ್ಮನಿಂದ ಕಲಿತೆ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಅಂದು ವರದಿಯನ್ನು ಲಕೋಟೆಗೆ ಹಾಕುವಾಗ ಗುಮಾಸ್ತ ಹುಸೇನಸಾಬ ಓದಿ, 'ಅದು ಬೈಗುಳ ಅಲ್ರಿ ಬಾಯಾರ, ಪ್ರೀತೀಲೆ ಅಂದಾಳ' ಎಂದು ತಿಳಿಸಿ ಹೇಳಿದ್ದ. ಅಷ್ಟು ಹೆಂಗಸರು ನನ್ನನ್ನು ನೋಡಿ ನಕ್ಕಿದ್ದರು. ಆ ಉರಿಗೆ, ಲಕೋಟೆ ಅಂಟಿಸು ಎಂದೆ. ಕಚೇರಿಗೆ ಬರೆದ ಕಾಗದದಲ್ಲೂ 'ಇಲ್ಲಿನ ಮಾತು ತಿಳಿಯದೆ ಆದ ತಪ್ಪು' ಎಂದೇ ಬರೆದಿದ್ದೇನೆ. ಈ ಕಾಗದವನ್ನು ನೀನು ಅವರಿಗೆ ತೋರಿಸಬಹುದು.