ಗುರುವಿನ ಫೋನ್ ನಂಬರು ಕೇಳಿದವರಿಗೆ

ಕಸ್ಟಮ್ಸ್ ಇಲಾಖೆಯ ಹಿರಿಯ ಅಧಿಕಾರಿಗಳಾದ ಮಾನ್ಯರೇ,

ನನ್ನ ಹೆಂಡತಿಯ ಇಷ್ಟಲಿಂಗ ನಿಮ್ಮ ಗೋದಾಮಿನೊಳಗೈತಿ. ಅದನ್ನು ಕೊಡ್ರಿ. ಪತ್ರ ಇಷ್ಟೇ. ಇಷ್ಟರಾಗ ನಿಮಗೆ ತಿಳಿಯೂದಿಲ್ಲಂತ ಉಳಿದದ್ದು ಬರೀತೇನಿ.

ಮಗಳು ವಿಜಯಲಕ್ಷ್ಮೀ ಮಸ್ಕತ್ತಿನೊಳಗ ಇರತಾಳ. ಆಕಿ ಬಾಣಂತನ ಮುಗಿಸಿ ನಾನೂ ನನ್ನ ಹೆಂಡತಿ ಅಕ್ಕನಾಗಮ್ಮನೂ ಹೊಳ್ಳಿ ಬಂದೆವು. ಬರುವಾಗ, ಅವ್ವನ ಬೆಳ್ಳಿ ಕರಡಗಿ ಸವೆದೈತಂತ ಮಗಳು ಬಂಗಾರದ್ದು ಮಾಡಿಸಿ ಹಾಕಿದ್ದಳು. ಕರಡಗಿ ಅಂದ್ರ ಲಿಂಗ ಇಟ್ಟು ಎದಿಮ್ಯಾಲ ಕಟ್ಟಿಕೊಳ್ಳೋ ಡಬ್ಬಿ. ವಿಮಾನ ನಿಲ್ದಾಣದಾಗ ನಿಮ್ಮ ಸಾಹೇಬರು ಅದನ್ನು ಹಿಡಿದರು. ಹಿಡೀಲಿ. ಬಂಗಾರಕ್ಕ ಸುಂಕ ಐತಿ, ನಿಮಗ ಜಪ್ತಿ ಮಾಡೋ ಅಧಿಕಾರ ಐತಿ. ನಾನು ನಾಕನೇ ಇಯತ್ತೆಗೆ ಸಾಲಿ ಬಿಟ್ಟವ, ಆದರೂ ಅಂಗಡಿ ಮಾಡಿದವ, ಅಷ್ಟು ತಿಳೀತೈತಿ. ಆದರ ಸಾಹೇಬರು ಡಬ್ಬಿ ತೆಗೆದು, ಲಿಂಗಾನ ಎರಡು ಬೆರಳಿನ್ಯಾಗ ಹಿಡಿದು, "ಇದು ನಿಮ್ಮದೇನು?" ಅಂದರು.

ನಮ್ಮಾಕಿ ಲಿಂಗಾನ ನಂದು ಅಂತ ಎಂದೂ ಅಂದಾಕಿ ಅಲ್ಲ. "ನಂದಲ್ಲರಿ, ಗುರುವಿಂದು. ನಾ ಬರೇ ಹೊತಗೊಂಡೀನಿ" ಅಂದಳು.

"ಯಾವ ಗುರು? ಫೋನ್ ನಂಬರ್ ಕೊಡಿ."

"ಅವರಿಗೆ ಫೋನ್ ಎಲ್ಲೀದೋ ಯಪ್ಪಾ."

ಅಲ್ಲಿಗೆ ಮುಗೀತು. ಪಂಚನಾಮೆಯೊಳಗ ಬರೆದೀರಿ: 'ಗುರು ಎಂಬ ವ್ಯಕ್ತಿಗೆ ಸೇರಿದ ಮಾಲನ್ನು ಸದರಿ ಮಹಿಳೆಯು ಸಾಗಿಸುತ್ತಿದ್ದು...' ಲಿಂಗದ ಮ್ಯಾಲಿನ ಕರೀ ಲೇಪ, ನಾವು ಕಂತಿ ಅಂತೇವಲ್ಲ, ಅದರಾಗ ಬಂಗಾರ ಕಲಸಿ ಮೆತ್ತಿರಬಹುದೆಂದು 'ನಂಬಲು ಕಾರಣವಿದೆ'ಯಂತ. ಅದಕ್ಕ ಕೆರೆದು ಪರೀಕ್ಷೆ ಮಾಡಬೇಕಂತ. ನಂಬಾಕ ನಿಮಗ ಒಂದು ಕಾರಣ ಸಾಕು. ಆಕಿ ಕಾರಣ ಕೇಳದ ನಂಬಿದ್ದಕ್ಕ ನಿಮ್ಮ ಕಾಯ್ದೆಯೊಳಗ ಯಾವ ಕಲಮು ಐತಿ? ಕಂತಿ ಒಡೆದರ ಲಿಂಗ ಭಿನ್ನ ಆತು. ಆಮ್ಯಾಲ ಆಕಿ ಅದನ್ನು ಕಟ್ಟುವಂಗಿಲ್ಲ.

ಇನ್ನು ಗುರುವಿನ ವಿಚಾರ. ಆಕಿ ಸಣ್ಣಾಕಿದ್ದಾಗ ಲಿಂಗ ಕಟ್ಟಿದ ಸ್ವಾಮಿಗಳು ಲಿಂಗೈಕ್ಯರಾಗಿ ಕಾಖಂಡಕಿ ಕಡೆ ಒಂದು ಗದ್ದಿಗಿಯೊಳಗ ಕುಂತಾರ. ಸಮನ್ಸು ಅಲ್ಲೇ ಅಂಟಿಸ್ರಿ. ಹಾಜರಾಗೂದು ಬಿಡೂದು ಅವರಿಗೆ ಬಿಟ್ಟದ್ದು.

ಗಾಂಧಿ ಚೌಕದ ವಕೀಲ ಅತೀಕ ಪಂಚನಾಮೆ ಓದಿ ನಕ್ಕು, ಆಮ್ಯಾಲ ನಗೋದು ಬಿಟ್ಟ. "ಕಾಕಾ, ಮುದತ್ತಿನೊಳಗ ನೋಟಿಸು ಕೊಡದಿದ್ರ ಮಾಲು ಯಾರ ಹಂತ್ಯಾಕಿಂದ ತಗೊಂಡಾರೋ ಅವರಿಗೇ ಹೊಳ್ಳಿ ಕೊಡಬೇಕ್ರಿ. ಮಾಲೀಕ ಯಾರನ್ನೋದು ಬ್ಯಾರೆ ಮಾತು" ಅಂದ. ಮುದತ್ತು ಮುಗಿದೈತಿ, ನೋಟಿಸು ಬಂದಿಲ್ಲ. ಕೇಳಿದರ, ಮಾಲೀಕ ಸಿಕ್ಕಿಲ್ಲ ಅಂತಾರ ನಿಮ್ಮ ಆಫೀಸಿನವರು. ಯಾರ ಎದಿಮ್ಯಾಲಿಂದ ಬಿಚ್ಚಿದ್ರಿ ಅನ್ನೋದೂ ಮರತೈತೇನು?

ಮಠದವರು ಬ್ಯಾರೆ ಲಿಂಗ ಕಟ್ಟತೇವಂದರು. "ಗಂಡ ಜೇಲಿನ್ಯಾಗ ಅದಾನಂತ ಇನ್ನೊಬ್ಬನ್ನ ಕಟಗೋತಾರೇನ್ರಿ?" ಅಂದಳು. ನಾನು ಬಾಜೂಕೇ ಕುಂತಿದ್ದೆ. ದಿನಾ ಜಳಕ ಮಾಡಿ ಎಡಗೈ ಚಾಚತಾಳ, ಬರೇ ಅಂಗೈಗೆ ನೀರು ಹಾಕತಾಳ, ವಿಭೂತಿ ಹಚ್ಚತಾಳ. ಲಿಂಗಪೂಜಿ ಇಲ್ಲದ ಊಟ ಇಲ್ಲಂತ ರೊಟ್ಟಿ ಬಿಟ್ಟಾಳ. ಒಂದೀಟು ಹಾಲು, ಒಂದು ಬಾಳಿಹಣ್ಣು. ಮೊದಮೊದಲು ನಾನು ಬೈತಿದ್ದೆ. ಈಗ ಆಕಿ ಮ್ಯಾಲೂ ಸಿಟ್ಟು ಬರವಲ್ದು, ನಿಮ್ಮ ಮ್ಯಾಲೂ ಬರವಲ್ದು. ಅಂಗಡಿ ತೆಗೀತೇನಿ, ಹಾಕತೇನಿ.

ನನ್ನ ಬೇಡಿಕೆ: ಬಂಗಾರದ ಡಬ್ಬಿ ಬೇಕಾದಷ್ಟು ದಿನ ಇಟಗೊಳ್ರಿ, ಹರಾಜು ಹಾಕ್ರಿ. ಲಿಂಗ ಕೊಡ್ರಿ, ಕೆರೀದಂಗ. ಈಗಾಗಲೇ ಕೆರೆದಿದ್ದರ ಸಾರವಾಡದ ಮನೀಗೆ ಕಳಿಸಬ್ಯಾಡ್ರಿ, ಫೋನೂ ಮಾಡಬ್ಯಾಡ್ರಿ. ನನ್ನ ಹಗ್ಗದ ಅಂಗಡಿಗೆ ಒಂದು ಚೀಟಿ ಹಾಕ್ರಿ. ಆಕಿಗೆ ಓದಾಕ ಬರೂದಿಲ್ಲ, ಅದಕ್ಕ ಈ ಪತ್ರಾನ ಧೈರ್ಯಲೇ ಪೇಪರಿನ್ಯಾಗ ಛಾಪಿಸಾಕ ಕೊಟ್ಟೀನಿ. ಇನ್ನೂ ವಿಚಾರಣೆ ನಡದೈತಿ ಅಂತ ನಾನು ಆಕಿಗೆ ಹೇಳಕೋತ ಇರತೇನಿ, ಆಕಿ ಇರೋತನಕ.

ಇಂತಿ,
ಸುಳ್ಳು ಹೇಳಾಕ ತಯಾರಾಗಿ ಕುಂತ
ಬಸಗೊಂಡಪ್ಪ, ಸಾರವಾಡ