ತಿಂಡಿ ಊಟವಲ್ಲ, ಮಾತು ಪುಕ್ಕಟೆಯಲ್ಲ

ದಾವಣಗೆರೆ
ಫೆಬ್ರುವರಿ ೩೧, ೨೧೮೯

ಇಪ್ಪತ್ತೊಂದನೆಯ ಶತಮಾನದ ಮಹಾಜನರೇ, ಮಾತ್ರೆ ನುಂಗುವ ಮಹನೀಯರೇ, ನುಂಗಿದ್ದು ಮರೆತು ಮತ್ತೊಮ್ಮೆ ನುಂಗುವ ಮಾನ್ಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಎಲ್ಲ ತಿಂಗಳಿಗೂ ಸಂಬಳ ಒಂದೇ ಇರುವಾಗ ಫೆಬ್ರುವರಿಯೊಂದೇ ಏಕೆ ಬೇಗ ಮನೆಗೆ ಹೋಗಬೇಕೆಂದು ಅದಕ್ಕೂ ಮೂರು ದಿನ ಅಂಟಿಸಿದ್ದೇವೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಇಷ್ಟು ಕಾಲದಲ್ಲಿ ಕನ್ನಡ ಬೇಕಾದಷ್ಟು ಬದಲಾಗಿದೆ. ಪ್ರಾಸದ ಚಟವೊಂದು ಬಿಟ್ಟಿಲ್ಲ.

ನಮ್ಮ ಬಡಾವಣೆಯ ಚಿಕಿತ್ಸಾಲಯಕ್ಕೆ ಈಗ 'ಮುಕ್ಕಾಲಿ' ಎಂದು ಹೆಸರು. ಡಾಕ್ಟರು, ನರ್ಸಮ್ಮ, ಮದ್ದುಗಾತಿ, ಹೀಗೆ ಮೂರು ಕಾಲು. ಒಂದು ಕುಂಟಿದರೂ ರೋಗಿ ನೆಲಕ್ಕೆ. ಮದ್ದುಗಾತಿ ಎಂದರೆ ನೀವು ಫಾರ್ಮಸಿಸ್ಟ್ ಎನ್ನುತ್ತಿದ್ದವರು. ಬೆಳಿಗ್ಗೆ ಮೂವರೂ ಒಂದೇ ಬೆಂಚಿನಲ್ಲಿ ಕೂತು, ಚಹಾ ಕುಡಿಯುತ್ತ, ಅವತ್ತು ಬರುವ ರೋಗಿಗಳ ಬಗ್ಗೆ ಮಾತಾಡುತ್ತಾರೆ. ಯಾರ ಮಾತ್ರೆ ಉಪ್ಪಿನಕಾಯಿ ಜಾಡಿಯ ಹಿಂದೆ ಅಡಗಿದೆ, ಯಾರು ಪಕ್ಕದ ಮನೆಯವರ ಬಿಪಿ ಮಾತ್ರೆ ಕಡ ತಂದಿದ್ದಾರೆ, ಯಾರಿಗೆ ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆ ಸೇರುತ್ತಿದೆ, ಎಲ್ಲವೂ ಅಲ್ಲಿ ಬಯಲಾಗುತ್ತದೆ. ಹೀಗೆ ಮಾತಾಡುವ ಹೊತ್ತಿಗೆಂದೇ ಮದ್ದುಗಾತಿಗೆ ಸಿಗುವ ಸಂಬಳಕ್ಕೆ 'ಮಾತುಗೂಲಿ' ಎನ್ನುತ್ತೇವೆ. ನಿಮ್ಮಲ್ಲಿ ಮಾತ್ರೆ ಎಣಿಸಿದರೆ ಕಾಸು, ಮಾತಾಡಿಸಿದರೆ ದಂಡಕ್ಕೊಂದು ತಾಸು ಎಂಬ ಪದ್ಧತಿ ಇತ್ತಂತೆ.

ಅದು ಬದಲಾದ ಬಗೆ ನಮ್ಮ ಮಕ್ಕಳಿಗೆ ಪಠ್ಯ. ಹಾಲಮ್ಮ ಎಂಬ ಅಜ್ಜಿಗೆ ಸಕ್ಕರೆ ಕಾಯಿಲೆ. ಮಾತ್ರೆಯ ಡೋಸ್ ಏರಿಸಿದರೂ ಸಕ್ಕರೆ ಇಳಿಯಲೊಲ್ಲದು. ಇನ್ನು ದಿನಾ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಾದೀತು ಎಂದಾಗ ಅಜ್ಜಿ ಅನ್ನ ಬಿಟ್ಟು ಅಳುತ್ತ ಕೂತರು. ಡಾ. ಅರುಂಧತಿಯವರಿಗೂ ಏಕೋ ಅನುಮಾನ. ಇನ್ಸುಲಿನ್ ಬರೆಯುವ ಮೊದಲು ಅಜ್ಜಿಯನ್ನು ಫಾರ್ಮಸಿಸ್ಟ್ ತಸ್ಲೀಮಾ ಹತ್ತಿರ ಕಳಿಸಿದರು.

"ಬೆಳಗಿನ ಮಾತ್ರೆ ಯಾವಾಗ ತಗೋತೀರಿ ಅಜ್ಜಿ?"

"ಅದನ್ನ ಯಾಕೆ ತಗೊಳ್ಳಲವ್ವ? ಊಟಕ್ಕೆ ಮುಂಚೆ ಅಂದೀರಿ. ಬೆಳಗ್ಗೆ ನಾನೆಲ್ಲಿ ಉಣ್ತೀನಿ? ಮಂಡಕ್ಕಿ ಒಗ್ಗರಣೆ ತಿಂತೀನಿ, ಅಷ್ಟೆ."

"ತಿಂಡೀನೂ ಊಟನೇ ಅಜ್ಜಿ!"

"ಹೆಂಗಾಗುತ್ತೆ? ಅನ್ನ ಇಲ್ಲ, ಮುದ್ದೆ ಇಲ್ಲ. ಮಂಡಕ್ಕಿ ತಿಂದು ಊಟ ಆತು ಅಂದ್ರೆ ಬೀಗರು ನಗ್ತಾರೆ."

"ಬೀಗರು ನಗಲಿ ಬಿಡ್ರಿ, ಸಕ್ಕರೆ ನಗಬಾರದು. ನಾಳೆಯಿಂದ ಮಂಡಕ್ಕಿಗೂ ಮುಂಚೆ ಮಾತ್ರೆ."

ತಸ್ಲೀಮಾ ನೇರ ಡಾಕ್ಟರ ಕೋಣೆಗೆ ಹೋದಳು. ಇಬ್ಬರೂ ಯೋಚಿಸಿ ಡೋಸನ್ನು ಮೊದಲಿನಷ್ಟಕ್ಕೇ ಇಳಿಸಿದರು. ನರ್ಸಮ್ಮ ಮನೆಗೆ ಹೋಗಿ ಆಗಾಗ ಪರೀಕ್ಷೆ ಮಾಡಿದರು. ಸಕ್ಕರೆ ಇಳಿಯಿತು, ಸೂಜಿ ಡಬ್ಬಿಯಲ್ಲೇ ಉಳಿಯಿತು.

ಆದರೆ ತಸ್ಲೀಮಾ ಉಳಿಯುವಂತಿರಲಿಲ್ಲ. ಅವಳಿಗೆ ಸಂಬಳವಿದ್ದದ್ದು ಕೌಂಟರಿನಲ್ಲಿ ನಿಂತ ಹೊತ್ತಿಗೆ ಮಾತ್ರ. ಪೇಟೆಯ ದೊಡ್ಡ ಮೆಡಿಕಲ್ ಶಾಪಿನವರು ಕರೆಯುತ್ತಿದ್ದರು. ಚಿಕಿತ್ಸಾಲಯ ನಡೆಸುವ ಸಮಿತಿಯು ರೋಗಿಗಳ ಜೊತೆಗಿನ ಮಾತಿನ ಹೊತ್ತಿಗೂ ಸಂಬಳ ಕೊಡದಿದ್ದರೆ ಹೋಗುತ್ತೇನೆಂದು ಅವಳು ಸಮಿತಿಯ ಸಭೆಯಲ್ಲೇ ಹೇಳಿದಳು.

ಖಜಾಂಚಿ ಚನ್ನವೀರಪ್ಪನವರು ಕನ್ನಡಕ ಒರೆಸಿಕೊಂಡರು. "ಅಲ್ಲಮ್ಮ, ಮಾತಿಗೆ ಯಾರಾದ್ರೂ ದುಡ್ಡು ಕೊಡ್ತಾರೇನು? ನಮ್ಮ ಮನೇಲಿ ಬೇಡ ಅಂದ್ರೂ ಪುಕ್ಕಟೆ ಸಿಗುತ್ತೆ."

"ನಮ್ಮ ಮನೇಲೂ ಸಿಗುತ್ತೆ ಸರ್. ಅದರಿಂದ ಗ್ಯಾಸ್ ಒಲೆ ಮಾತ್ರ ಉರಿಯಲ್ಲ."

ಡಾ. ಅರುಂಧತಿ ಎದ್ದು ನಿಂತರು. "ಅವತ್ತು ಈಕೆ ವಿಚಾರಿಸದೇ ಇದ್ದಿದ್ರೆ ನಾನು ಇನ್ಸುಲಿನ್ ಬರೀತಿದ್ದೆ ಸರ್. ನಂಗೆ ಈಕೆ ಬೇಕು."

ಆಮೇಲೆ ನಡೆದದ್ದರ ಬಗ್ಗೆ ನಮ್ಮ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಖಜಾಂಚಿಗಳ ಮನಸ್ಸು ಕರಗಿತು ಎಂದು ಕೆಲವರು, ಅವರ ಬಿಪಿ ಏರಿತು ಎಂದು ಕೆಲವರು. ಎರಡು ಶತಮಾನದಷ್ಟು ಹಿಂದಿನ ಮಾತಾದ್ದರಿಂದ...

ಇಲ್ಲ, ಇನ್ನು ನನ್ನಿಂದಾಗದು. ಇದು ೨೧೮೯ ಅಲ್ಲ. ಇವತ್ತು ಮಂಗಳವಾರ. ಸಭೆ ಈಗಷ್ಟೇ ಮುಗಿದಿದೆ, ನಾನು ಚಿಕಿತ್ಸಾಲಯದ ಮೆಟ್ಟಿಲ ಮೇಲೆ ಕೂತಿದ್ದೇನೆ. ಹಾಲಮ್ಮ ನನ್ನ ಅವ್ವ. ಚನ್ನವೀರಪ್ಪನವರೂ ಸೇರಿ ಎಲ್ಲರೂ ಮಾತಿನ ಸಂಬಳಕ್ಕೆ ಒಪ್ಪಿ ಕೈ ಎತ್ತಿದರು. ತಸ್ಲೀಮಾ ಎಲ್ಲಿಗೂ ಹೋಗುತ್ತಿಲ್ಲ. ಅವ್ವನಿಗೆ ಫೋನ್ ಮಾಡಬೇಕು. ಅದಕ್ಕೆ ಮೊದಲು ಒಂದು ಗಳಿಗೆ ಸುಮ್ಮನೆ ಕೂತು ಉಸಿರು ಬಿಡುತ್ತೇನೆ.