ಲೋಬಾನಕೋಟೆಯ ಹುಣಸೆಮರ

ಲೋಬಾನಕೋಟೆ, ಧೂಪದ ದಾರಿ
ಮರಳೆಣಿಕೆ ಇನ್ನೂರ ಹದಿನಾಲ್ಕು, ಎರಡನೆಯ ತಂಪುತಿಂಗಳು

ಗದಗಿನ ಶ್ರೀಮತಿ ದಾಕ್ಷಾಯಿಣಮ್ಮನವರಿಗೆ, ನಿಮ್ಮ ಕಾಲ ಮುಗಿದು ಎಷ್ಟೋ ತಲೆಮಾರುಗಳಾದ ಮೇಲೆ ಹುಟ್ಟಿದ ನೂರವ್ವನ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಮನೆಯ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಮಾತು ಅಲ್ಲಲ್ಲಿ ಸೊಟ್ಟಗಿದೆ ಅನ್ನಿಸಿದರೆ ಕ್ಷಮಿಸಬೇಕು. ನಮ್ಮ ಹಿರಿಯರು ನಿಮ್ಮ ಸೀಮೆಯಿಂದಲೇ ಕಡಲು ದಾಟಿ ಈ ಮರಳುಗಾಡಿನ ಬಂದರಿಗೆ ಬಂದು ನೆಲೆಸಿದವರು. ಅವರ ಮಾತಿಗೆ ಒಂಟೆಯವರ ಮಾತು ಬೆರೆತು ಈಗ ನಾವು ಆಡುವುದು ಒಂದು ಥರದ ಚಿತ್ರಾನ್ನ. ನಿಮಗೆ ಅರ್ಥವಾಗಲೆಂದು ಹಳೆಯ ಬರವಣಿಗೆಯನ್ನು ಕಲಿತು, ತಿಳಿದವರಿಂದ ತಿದ್ದಿಸಿಕೊಂಡು ಬರೆಯುತ್ತಿದ್ದೇನೆ.

ಈ ಕಾಗದ ನಿಮ್ಮನ್ನು ತಲುಪುವುದು ಹಿಂದಂಚೆಯಲ್ಲಿ. ಹಿಂದಂಚೆಯೆಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಯುದ್ಧ, ರೋಗ, ಚಿನ್ನದ ಬೆಲೆ, ಸಾವಿನ ಸುದ್ದಿ ಬರೆದರೆ ಅಂಚೆಯವರು ಹರಿದುಹಾಕುತ್ತಾರೆ. ಹೆಚ್ಚಿನವರು ತೀರಿಹೋದ ಅಜ್ಜಿಗೆ ಕುಶಲ ಬರೆಯುತ್ತಾರೆ. ನಾನು ನನ್ನ ಪಾಲಿನ ಕಾಗದವನ್ನು ಒಂದು ಹುಣಸೆಬೀಜಕ್ಕೆ ಖರ್ಚು ಮಾಡುತ್ತಿದ್ದೇನೆಂದು ಕೇಳಿ ನನ್ನ ಗಂಡ ಕೆಮ್ಮು ಬರುವಷ್ಟು ನಕ್ಕ. ನಗಲಿ, ಅವನ ಪಾಲಿನ ಕಾಗದ ಇನ್ನೂ ಬಾಕಿ ಇದೆ.

ನಾನು ಮುಂದಾಳು, ಅಂದರೆ ನಿಮ್ಮ ಕಾಲದ ಗೈಡ್. ಧೂಪದ ದಾರಿಯ ಹಳೆಯ ಊರುಗಳನ್ನು ಪ್ರವಾಸಿಗಳಿಗೆ ತೋರಿಸುವುದು ನನ್ನ ಕೆಲಸ. ಊರಿನಿಂದೂರಿಗೆ ತೇಲುಬಂಡಿಯಲ್ಲಿ ಮರಳಿಗೆ ತಾಗದಂತೆ ಹೋಗುತ್ತೇವೆ. ಕೋಟೆ ಕಣ್ಣಿಗೆ ಬಿದ್ದ ಕೂಡಲೇ ಎಲ್ಲರೂ ಇಳಿದು ನಡೆಯಬೇಕು. ಬಾಯಾರದೆ ಬಂದವರಿಗೆ ಬಾವಿಯ ಬೆಲೆ ತಿಳಿಯುವುದಿಲ್ಲ ಎನ್ನುವುದು ನಮ್ಮ ಲೆಕ್ಕ. ಇನ್ನೊಂದು ಕಟ್ಟಳೆಯೂ ಇದೆ: ಯಾರೂ ಬರಿಗೈಯಲ್ಲಿ ಬಾಗಿಲು ದಾಟುವಂತಿಲ್ಲ. ಇದು ವ್ಯಾಪಾರದ ದಾರಿ. ಸುಮ್ಮನೆ ನೋಡಲು ಬಂದವರನ್ನು ನಮ್ಮ ಮಕ್ಕಳು ‘ಖಾಲಿ ಒಂಟೆ’ ಎಂದು ಗೇಲಿ ಮಾಡುತ್ತಾರೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮೂರಿನದೊಂದು ಹಿಡಿ ಏನನ್ನಾದರೂ ತರುತ್ತಾರೆ. ಸಂಜೆ ವರ್ತಕರ ಹಳೆಯ ಛತ್ರದ ಅಂಗಳದಲ್ಲಿ ಕೂತು ಅದಲುಬದಲು ಮಾಡಿಕೊಳ್ಳುತ್ತಾರೆ. ಹೋದ ತಿಂಗಳು ಒಬ್ಬ ಹಣ್ಣುಮುದುಕ ಅಗಸೆ ಚಟ್ನಿಪುಡಿ ಕೊಟ್ಟು ಒಂದು ಹರಳು ಲೋಬಾನ ಗಿಟ್ಟಿಸಿಕೊಂಡು, ರಾಜ್ಯ ಗೆದ್ದವನ ಹಾಗೆ ಮೀಸೆ ತಿರುವಿದ. ನಾನು ಶಾಸನ ವಿವರಿಸುವಾಗ ಆಕಳಿಸುವವರೆಲ್ಲ ಈ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಾರೆ. ನನಗೆ ಅದರಿಂದ ಬೇಸರವಿಲ್ಲ. ಒಳ್ಳೆಯ ಕೆಲಸ, ಒಳ್ಳೆಯ ಜನ, ದಿನವೂ ಹೊಸ ಮಾತು.

ಅವರು ಕೂರುವುದು ಒಂದು ಹುಣಸೆಮರದ ಕೆಳಗೆ. ಇಡೀ ಕೋಟೆಯಲ್ಲಿ ನೆರಳೆಂದರೆ ಅದೊಂದೇ. ಬಂದರಿನವರು ಮೀನಿನ ಸಾರಿನ ಹುಳಿಗೆ ಅದರ ಹಣ್ಣನ್ನೇ ಒಯ್ಯುತ್ತಾರೆ. ನನ್ನ ಮದುವೆಯ ಮಾತುಕತೆ ನಡೆದದ್ದೂ ಅದರ ಕೆಳಗೇ. ನಡುವೆ ಒಂದು ಕಾಯಿ ಬಿದ್ದು ಮಾವನವರ ಬೋಳುತಲೆಗೆ ತಾಗಿ, ಬಿಗಿದುಕೊಂಡಿದ್ದ ಎರಡೂ ಕಡೆಯವರು ನಕ್ಕು, ಸಂಬಂಧ ಕುದುರಿತು. ಆ ಮರವೆಂದರೆ ನನಗೆ ಪ್ರಾಣ.

ಆದರೆ ಅದು ಹುಟ್ಟಿರುವುದು ಛತ್ರದ ಗೋಡೆಯ ಬುಡದಲ್ಲಿ. ಬೇರು ನುಗ್ಗಿ ಗೋಡೆ ವಾಲಿದೆ. ಆ ಗೋಡೆಯನ್ನು ಕಾಯುವವರು ನನ್ನ ಗಂಡನ ತಾಯಿ, ಜುಹ್ರಾ ಅತ್ತೆ. ಪ್ರತಿ ಚಳಿಗಾಲ ಮಣ್ಣಿಗೆ ಖರ್ಜೂರದ ನಾರು ಕಲಸಿ, ಕಾಲಿನಿಂದ ತುಳಿದು, ಅಂಗೈಯಿಂದ ಮೆತ್ತುತ್ತಾರೆ. ಅವರ ತಾಯಿ, ಅಜ್ಜಿ ಮಾಡಿದ್ದೂ ಇದನ್ನೇ. ಬೇಸಿಗೆ ಬರುವ ಮೊದಲು ಊರಿನ ಹಿರಿಯರು ತೀರ್ಮಾನಿಸಬೇಕು: ಮರ ಕಡಿಯುವುದೋ, ಗೋಡೆ ಬೀಳಲು ಬಿಡುವುದೋ. ಹೀಗೆ ಒಂದೇ ಮನೆಯಲ್ಲಿ ಎರಡು ಪಕ್ಷವಾಯಿತು. ಅತ್ತೆಯೂ ನಾನೂ ಜಗಳವಾಡುವವರಲ್ಲ, ಪಾತ್ರೆಗಳು ಮಾತ್ರ ಸ್ವಲ್ಪ ಜೋರಾಗಿ ಸದ್ದು ಮಾಡತೊಡಗಿದವು. ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಊಟ ಮಾಡಿ ಎದ್ದು ಹೋಗುತ್ತಿದ್ದ.

ಬೇರು ಎಲ್ಲಿಯವರೆಗೆ ಹೋಗಿದೆಯೆಂದು ನೋಡಲು ಅಗೆದಾಗ ನಿಮ್ಮ ಡಬ್ಬಿ ಸಿಕ್ಕಿತು. ಅಂಗೈಯಗಲದ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ‘ದಾಕ್ಷಾಯಿಣಿ, ಗದಗ’. ಒಳಗೆ ತಳಕ್ಕಂಟಿದ ಕರಿಯ ಪುಡಿ. ಪರೀಕ್ಷಿಸಿದವರು ಹುಣಸೆ, ಬೆಲ್ಲ, ಜೀರಿಗೆ, ಉಪ್ಪು ಎಂದರು. ಅಷ್ಟು ಸಾಕಾಯಿತು, ನಮ್ಮ ಮನೆಯಲ್ಲಿ ಇಂದಿಗೂ ಇವನ್ನೇ ಸೇರಿಸಿ ಚಿಗಳಿ ಕುಟ್ಟುತ್ತೇವೆ. ಮುಂದಿನದು ನನ್ನ ಊಹೆ. ಈ ಕಾಗದ ಕೈಸೇರಿದ ಮೇಲೆ ಎಂದೋ ಒಂದು ದಿನ ನೀವು ಕಡಲು ದಾಟಿ, ಪ್ರವಾಸದ ಬಸ್ಸಿನಲ್ಲಿ ಈ ಕೋಟೆಗೆ ಬರುತ್ತೀರಿ. ಬಿಸಿಲಿಗೆ, ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ತೊಳಸಿ, ಅಂಗಳದಲ್ಲಿ ಕೂತು ಒಂದು ಚೂರು ಚಿಗಳಿ ಬಾಯಿಗೆ ಹಾಕಿಕೊಳ್ಳುತ್ತೀರಿ. ಕುಟ್ಟಿದವರ ಕಣ್ಣು ತಪ್ಪಿ ಒಂದು ಬೀಜ ಉಳಿದಿದೆ. ಗೈಡ್ ಅತ್ತ ತಿರುಗಿದಾಗ ಗೋಡೆಯ ಬುಡಕ್ಕೆ ಉಗುಳುತ್ತೀರಿ. ಡಬ್ಬಿ ಮರೆತು ಹೋಗುತ್ತೀರಿ. ಅದಕ್ಕಾಗಿ ದಾರಿಯುದ್ದಕ್ಕೂ ಹಳಹಳಿಸಬೇಡಿ, ನಮ್ಮ ಮನೆಯ ಗೂಡಿನಲ್ಲಿ ಭದ್ರವಾಗಿದೆ.

ಅತ್ತೆ ಆ ಡಬ್ಬಿಯನ್ನು ಒರೆಸಿ ಗೂಡಿನಲ್ಲಿಟ್ಟರು. ಆಮೇಲೆ ಅಂದರು:

“ಬೀಜ ಉಗುಳಿದಾಕಿಗೆ ಒಂದ್ ಕಾಗದ ಬರಿ. ನಾಕ್ ಮಾರು ಆಚೀಕಡೆ ಉಗುಳವ್ವ ಅಂತ. ನಿನ್ ಗಿಡಾನೂ ಉಳೀತೈತಿ, ನನ್ ಗ್ವಾಡೀನೂ ಉಳೀತೈತಿ.”

ತಮಾಷೆಗೆ ಅಂದದ್ದು. ನಾನು ಅದನ್ನೇ ಹಿಡಿದುಕೊಂಡೆ. ಹೆಸರು, ಊರು ಕೊಟ್ಟರೆ ಮನೆ ಹುಡುಕುವ ಭಾರ ತಮ್ಮದೆಂದು ಹಿಂದಂಚೆಯವರು ಹೇಳಿದರು. ನೀವು ಆಚೆ ಉಗುಳಿದರೆ ನಮ್ಮ ಮರ ಒಂದು ಬೆಳಗ್ಗೆ ಅಂಗಳದ ನಡುವೆ ನಿಂತಿರುತ್ತದೋ, ಮೊದಲಿನಿಂದಲೂ ಅಲ್ಲೇ ಇತ್ತೆಂದು ನಮಗೆ ಅನ್ನಿಸುತ್ತದೋ ಅವರಿಗೂ ತಿಳಿಯದು.

ಬರೆಯುತ್ತ ಬರೆಯುತ್ತ ನನಗೆ ಭಯ ಹತ್ತಿತು. ನೀವು ಮರ್ಯಾದಸ್ಥರು. ಇಷ್ಟೆಲ್ಲ ಓದಿ ನಾಚಿಕೊಂಡು, ಬೀಜವನ್ನು ಕಾಗದದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡರೆ? ಗೋಡೆ ನೆಟ್ಟಗೆ ನಿಲ್ಲುತ್ತದೆ, ನೆರಳು ಇರುವುದಿಲ್ಲ. ನಾನೇ ಮರಕ್ಕೆ ಕೊಡಲಿ ಹಾಕಿದ ಹಾಗಾಗುತ್ತದೆ. ಹರಿದುಬಿಡಲೇ ಎಂದುಕೊಂಡು, ಇಂದು ಬೆಳಗ್ಗೆ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಅವರು ಮಣ್ಣು ಕಲಸುತ್ತಿದ್ದರು. ಕೈ ನಿಲ್ಲಿಸಿ ಪೂರ್ತಿ ಕೇಳಿದರು. ವಾಲಿದ ಗೋಡೆಯನ್ನೊಮ್ಮೆ ನೋಡಿದರು, ಮರವನ್ನೊಮ್ಮೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ನನ್ನ ಬೇಡಿಕೆಯೂ ಇಷ್ಟೇ:

“ಆಚೀಕಡೆ ಆಗ್ಲಿಲ್ಲಂದ್ರ ಗ್ವಾಡಿ ಬುಡಕ್ಕ ಆದ್ರೂ ಉಗುಳು ಅಂತ ಬರಿ. ಗ್ವಾಡಿ ಬಿದ್ರ ನಾ ಮತ್ತ ಕಟ್ತೀನಿ. ಗಿಡ ಕಟ್ಟಾಕ ನನಗ ಬರಾಂಗಿಲ್ಲ.”

ನಿಮ್ಮ ನೆರಳಿನಲ್ಲಿ ಕೂತು ಬರೆದ,
ನೂರವ್ವ